ತೂಕ ಇಳಿದ ಮೇಲೆ ಉಳಿಯುವ ಚರ್ಮ: ಶಸ್ತ್ರಚಿಕಿತ್ಸೆಗೆ ಯೋಜನೆ ಹಾಕಿಕೊಳ್ಳುವುದು ಹೇಗೆ

ನಲವತ್ತು ಐವತ್ತು ಕಿಲೋ ತೂಕ ಇಳಿಸಿಕೊಂಡವರು ಪ್ಲಾಸ್ಟಿಕ್ ಸರ್ಜನ್ ಎದುರು ಮೊದಲ ಸಲ ಕುಳಿತಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಯಾವಾಗ ಮಾಡಿಸಿಕೊಳ್ಳಬಹುದು?" ಎಂಬುದು. ನಾನೂ ಅದನ್ನೇ ಕೇಳಿದ್ದೆ. ಹೊಟ್ಟೆ, ತೊಡೆ, ತೋಳು, ಎದೆಗಳಲ್ಲಿ ಜೋತುಬಿದ್ದ ಚರ್ಮವನ್ನು ಹೊತ್ತು ದಿನ ಎಣಿಸಿದವರಿಗೆ ದಿನಾಂಕವೇ ಮುಖ್ಯವೆನಿಸುವುದು ಸಹಜ. ಆದರೆ ಹೆಚ್ಚುವರಿ ಚರ್ಮವನ್ನು ಕತ್ತರಿಸಿ ತೆಗೆಯುವ ಈ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಗೊತ್ತುಮಾಡಬೇಕಾದದ್ದು ದಿನಾಂಕ. ತೂಕ ನಿಂತಿದೆಯೇ, ಗಾಯ ಮಾಯಲು ಬೇಕಾದ ಸತ್ವ ರಕ್ತದಲ್ಲಿದೆಯೇ, ದೇಹದ ಯಾವ ಭಾಗ ಮೊದಲು ಯಾವುದು ಆಮೇಲೆ, ಮನೆಗೆ ಬಂದ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ದಿನಾಂಕದ ಮಾತು ಬರಬೇಕು. ಈ ಬರಹ ಆ ಉತ್ತರಗಳನ್ನು ಹುಡುಕಿಕೊಳ್ಳುವ ಬಗೆಯನ್ನು ಕುರಿತದ್ದು. ನಿಮ್ಮ ದೇಹಕ್ಕೆ ಯಾವುದು ಸರಿ ಎಂಬ ತೀರ್ಮಾನ ನಿಮ್ಮನ್ನು ಪರೀಕ್ಷಿಸಿದ ವೈದ್ಯರದ್ದೇ.

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ. ವರ್ಷಗಟ್ಟಲೆ ಹಿಗ್ಗಿಕೊಂಡಿದ್ದ ಚರ್ಮದಲ್ಲಿ ಅದಕ್ಕೆ ಬಿಗಿ ಕೊಡುವ ಕೊಲಾಜೆನ್ ಮತ್ತು ಎಲಾಸ್ಟಿನ್ ನಾರುಗಳು ಹಾಳಾಗಿರುತ್ತವೆ. ಒಳಗಿನ ಕೊಬ್ಬು ಕರಗಿದ ಮಾತ್ರಕ್ಕೆ ಅವು ಮತ್ತೆ ಸೆಟೆದುಕೊಳ್ಳುವುದಿಲ್ಲ. ವ್ಯಾಯಾಮ ಸ್ನಾಯುಗಳನ್ನು ಬಲಪಡಿಸುತ್ತದೆಯೇ ಹೊರತು ಮೇಲೆ ಉಳಿದ ಚರ್ಮವನ್ನು ಕಡಿಮೆ ಮಾಡುವುದಿಲ್ಲ. ಮುಲಾಮು, ಎಣ್ಣೆಗಳಿಂದಲೂ ಅದು ಆಗದು. ಲೈಪೊಸಕ್ಷನ್ ಕೊಬ್ಬನ್ನಷ್ಟೇ ಹೀರಿ ತೆಗೆಯುತ್ತದೆ. ಬರಿದಾದ ಚೀಲದಂತಿರುವ ಚರ್ಮದ ಮೇಲೆ ಅದೊಂದನ್ನೇ ಮಾಡಿದರೆ ಜೋಲು ಇನ್ನಷ್ಟು ಹೆಚ್ಚಬಹುದು. ಆದ್ದರಿಂದ ಚರ್ಮ ಉಳಿದುಕೊಂಡಿದ್ದಕ್ಕೆ ನಿಮ್ಮ ಪ್ರಯತ್ನದಲ್ಲಿ ಕೊರತೆಯಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ, ಇದನ್ನು ತೂಕ ಇಳಿಸುವ ಇನ್ನೊಂದು ದಾರಿ ಎಂದೂ ಎಣಿಸಬೇಡಿ. ಕತ್ತರಿಸಿ ತೆಗೆದ ಚರ್ಮ ಮತ್ತು ಕೊಬ್ಬು ಸಾಮಾನ್ಯವಾಗಿ ಕೆಲವೇ ಕಿಲೋ ತೂಗುತ್ತದೆ. ಇಲ್ಲಿ ಸಿಗುವುದು ಆಕಾರ, ಚಲನೆಯ ಸಲೀಸು, ಮಡಿಕೆಗಳಲ್ಲಿನ ಹುಣ್ಣು ತುರಿಕೆಗಳಿಂದ ಬಿಡುಗಡೆ. ಅದಕ್ಕೆ ತೆರಬೇಕಾದ ಬೆಲೆ ಉದ್ದವಾದ, ಶಾಶ್ವತವಾದ ಗಾಯದ ಗುರುತುಗಳು. ಈ ವಿನಿಮಯ ನಿಮಗೆ ಒಪ್ಪಿಗೆಯೇ ಎಂಬುದನ್ನು ಬೇರೆ ಯಾರೂ ನಿಮ್ಮ ಪರವಾಗಿ ತೀರ್ಮಾನಿಸಲಾರರು.

ಮೊದಲು ತೂಕ ನಿಲ್ಲಲಿ

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ, ಅಂದರೆ ತೂಕ ಇಳಿಸಲೆಂದು ಹೊಟ್ಟೆ ಕರುಳಿನ ಮೇಲೆ ಮಾಡುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡವರಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಲು ಹೇಳುತ್ತಾರೆ. ಆ ಅವಧಿ ಮುಗಿದರೆ ಸಾಲದು. ಕಡೆಯ 3ರಿಂದ 6 ತಿಂಗಳು ತೂಕ ಒಂದೇ ಮಟ್ಟದಲ್ಲಿ ನಿಂತಿರಬೇಕು. ಆಹಾರ, ವ್ಯಾಯಾಮ ಅಥವಾ ಔಷಧಿಯಿಂದ ಇಳಿಸಿಕೊಂಡವರಿಗೂ ತೂಕ ನಿಂತಿರಬೇಕೆಂಬ ನಿಯಮ ಇದೇ. ಕಾರಣ ಸರಳ. ಶಸ್ತ್ರಚಿಕಿತ್ಸೆಯ ನಂತರ ಇನ್ನೂ ಹತ್ತು ಕಿಲೋ ಇಳಿದರೆ ಬಿಗಿ ಮಾಡಿದ ಚರ್ಮ ಮತ್ತೆ ಸಡಿಲವಾಗುತ್ತದೆ, ಹತ್ತು ಕಿಲೋ ಏರಿದರೆ ಹೊಲಿಗೆಯ ಗುರುತು ಹಿಗ್ಗಿ ಅಗಲವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತೂಕ ವೇಗವಾಗಿ ಇಳಿಯುತ್ತಿರುವ ದೇಹವು ತನ್ನಲ್ಲಿರುವುದನ್ನೇ ಕರಗಿಸಿ ಬದುಕುತ್ತಿರುತ್ತದೆ. ಅಂಥ ದೇಹಕ್ಕೆ ಒಂದು ಮೀಟರ್ ಉದ್ದದ ಗಾಯ ಮಾಯಿಸುವ ಕೆಲಸವನ್ನೂ ಹೊರಿಸುವುದು ಸರಿಯಲ್ಲ.

ತೂಕ ನಿಂತಿದೆಯೇ ಎಂದು ತಿಳಿಯಲು ದಿನವೂ ತಕ್ಕಡಿ ಏರಬೇಕಾಗಿಲ್ಲ. ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಇಪ್ಪತ್ತು ವಾರಗಳ ಸಾಲಿನಲ್ಲಿ ಏರಿಳಿತ ಎರಡು ಮೂರು ಕಿಲೋ ಒಳಗಿದ್ದರೆ ಆ ಪುಸ್ತಕವನ್ನೇ ಸರ್ಜನ್ ಬಳಿಗೆ ಒಯ್ಯಬಹುದು. "ಸುಮಾರು ಒಂದೇ ಥರ ಇದೆ" ಎಂಬ ಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು. ತೂಕ ಇಳಿಸುವ ಚುಚ್ಚುಮದ್ದಿನಲ್ಲಿರುವವರು ಮುಂದೆಯೂ ಅದನ್ನು ತೆಗೆದುಕೊಳ್ಳುತ್ತೀರೋ ನಿಲ್ಲಿಸುತ್ತೀರೋ ಎಂಬುದನ್ನು ಈಗಲೇ ತೀರ್ಮಾನಿಸಬೇಕು, ಏಕೆಂದರೆ ಔಷಧಿ ನಿಲ್ಲಿಸಿದ ಮೇಲೆ ತೂಕ ಮರಳುವುದು ಸಾಮಾನ್ಯ.

ಎಷ್ಟು ತೂಕದಲ್ಲಿ ನಿಂತಿದ್ದೀರಿ ಎಂಬುದೂ ಮುಖ್ಯ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 30ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶವೂ ಚೆನ್ನಾಗಿರುತ್ತದೆ, ಅಪಾಯವೂ ಕಡಿಮೆ. 30ರಿಂದ 35ರ ನಡುವೆ ಇರುವ ಬಹಳಷ್ಟು ಜನರಿಗೆ ಎಚ್ಚರಿಕೆಯಿಂದ ಮಾಡುತ್ತಾರೆ. 35ನ್ನು ಮೀರಿದಾಗ ಗಾಯ ಬಿಚ್ಚಿಕೊಳ್ಳುವ, ಸೋಂಕು ತಗಲುವ ಸಂಭವ ಹೆಚ್ಚುವುದರಿಂದ ಅನೇಕ ಸರ್ಜನ್‌ಗಳು ಇನ್ನಷ್ಟು ಇಳಿಸಿಕೊಂಡು ಬರಲು ಹೇಳುತ್ತಾರೆ. ಹೊಟ್ಟೆಯ ಚರ್ಮ ತೊಡೆಯವರೆಗೆ ಇಳಿಬಿದ್ದು ನಡೆಯಲೂ ಕಷ್ಟವಾದವರ, ಮಡಿಕೆಯೊಳಗೆ ಮತ್ತೆ ಮತ್ತೆ ಹುಣ್ಣಾಗುವವರ ವಿಷಯ ಬೇರೆ. ಅವರಿಗೆ ಆ ಇಳಿಬಿದ್ದ ಭಾಗವನ್ನಷ್ಟೇ ತೆಗೆಯುವ ಚಿಕ್ಕ ಶಸ್ತ್ರಚಿಕಿತ್ಸೆಯನ್ನು ಹೆಚ್ಚಿನ ತೂಕದಲ್ಲಿಯೂ ಮಾಡುವುದುಂಟು.

ಮುಂದೆ ಮಗು ಬೇಕೆಂದಿರುವ ಮಹಿಳೆಯರು ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲೇ ಮಾಡಿಸಿಕೊಂಡರೆ ಗರ್ಭ ಧರಿಸಲು ಅಡ್ಡಿಯೇನೂ ಇಲ್ಲ, ಆದರೆ ಬಿಗಿ ಮಾಡಿದ ಚರ್ಮ ಮತ್ತು ಸ್ನಾಯು ಮತ್ತೆ ಹಿಗ್ಗುತ್ತವೆ.

ರಕ್ತಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಕೇಳಿ

ನನ್ನ ಅನುಭವದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನನ್ನ ಮೊದಲ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿ, ರಜೆ ಮಂಜೂರಾಗಿ, ಮನೆಯಲ್ಲಿ ಎಲ್ಲ ಏರ್ಪಾಡೂ ಆಗಿತ್ತು. ಹತ್ತು ದಿನ ಇರುವಾಗ ಬಂದ ರಕ್ತಪರೀಕ್ಷೆಯ ವರದಿಯಲ್ಲಿ ಫೆರಿಟಿನ್, ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣಾಂಶದ ಲೆಕ್ಕ, ಒಂದಂಕಿಯಲ್ಲಿತ್ತು. ಹಿಮೋಗ್ಲೋಬಿನ್ ತುಸು ಮಾತ್ರ ಕಡಿಮೆಯಿದ್ದುದರಿಂದ ಅದುವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆಯನ್ನು ಮೂರು ತಿಂಗಳು ಮುಂದೂಡಿದರು. ಮುಂದೂಡಿದ್ದು ಸರಿಯಾದ ನಿರ್ಧಾರ. ನನಗೆ ಬೇಸರವಾದದ್ದು ಅದೇ ಪರೀಕ್ಷೆಯನ್ನು ನಾಲ್ಕು ತಿಂಗಳ ಹಿಂದೆ, ಮೊದಲ ಭೇಟಿಯಲ್ಲಿ, ಬರೆದುಕೊಟ್ಟಿದ್ದರೆ ಆ ಮೂರು ತಿಂಗಳು ಉಳಿಯುತ್ತಿತ್ತಲ್ಲ ಎಂದು. ಆದ್ದರಿಂದ ಈ ಬರಹದಿಂದ ಒಂದೇ ಒಂದು ಸಲಹೆಯನ್ನು ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಳ್ಳಿ: ಪೋಷಕಾಂಶಗಳ ಪರೀಕ್ಷೆಯನ್ನು ಶಸ್ತ್ರಚಿಕಿತ್ಸೆಗೆ ಮೂರು ನಾಲ್ಕು ತಿಂಗಳ ಮೊದಲೇ ಮಾಡಿಸಿ, ಮತ್ತೆ ದಿನ ಹತ್ತಿರವಾದಾಗ ಇನ್ನೊಮ್ಮೆ ಮಾಡಿಸಿ.

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಆದವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಆಹಾರವು ಹೊಟ್ಟೆಯ ದೊಡ್ಡ ಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ತಪ್ಪಿಸಿಕೊಂಡು ಮುಂದೆ ಹೋಗುತ್ತದೆ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವುದು ಆ ಮೊದಲ ಭಾಗದಲ್ಲಿಯೇ. ವಿಟಮಿನ್ ಬಿ12 ಹೀರಲ್ಪಡುವುದು ಕರುಳಿನ ಕೊನೆಯ ಭಾಗದಲ್ಲಾದರೂ ಅದಕ್ಕೆ ಹೊಟ್ಟೆಯಲ್ಲಿ ಹುಟ್ಟುವ ಆಮ್ಲ ಮತ್ತು ಒಂದು ವಿಶೇಷ ಪ್ರೋಟೀನಿನ ನೆರವು ಬೇಕು. ಹೀಗಾಗಿ ಚೆನ್ನಾಗಿ ಊಟ ಮಾಡುತ್ತಿರುವವರಲ್ಲಿಯೂ ಕೊರತೆ ಇರಬಹುದು. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಅಲ್ಬುಮಿನ್ ಇವುಗಳ ಜೊತೆಗೆ ಸತು ಮತ್ತು ವಿಟಮಿನ್ ಎ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮಧುಮೇಹ ಇದ್ದವರು, ಈಗ ಅದು ಹತೋಟಿಗೆ ಬಂದಿದ್ದರೂ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬೇಕು. ಕಬ್ಬಿಣಾಂಶದ ಮಾತ್ರೆ ಮೈಗೆ ಹತ್ತದಿದ್ದರೆ ರಕ್ತನಾಳದ ಮೂಲಕ ಕೊಡುವ ವ್ಯವಸ್ಥೆಯೂ ಇದೆ.

ಪ್ರೋಟೀನ್ ವಿಷಯದಲ್ಲಿ ನಮ್ಮ ಅಂದಾಜು ಬಹಳ ಸಲ ತಪ್ಪಾಗಿರುತ್ತದೆ. ಗಾಯ ಮಾಯುವುದಕ್ಕೆ ಬೇಕಾದ ಹೊಸ ಕೊಲಾಜೆನ್ ಹುಟ್ಟುವುದು ಪ್ರೋಟೀನಿನಿಂದಲೇ. ದಿನಕ್ಕೆ ಸುಮಾರು 60ರಿಂದ 100 ಗ್ರಾಂ ಎಂಬುದು ಈ ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ಹೇಳುವ ಗುರಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಬೇರೆಯಾಗುತ್ತದೆ. ಒಂದು ವಾರ ತಿಂದದ್ದನ್ನೆಲ್ಲ ಅಳತೆಯ ಸಹಿತ ಬರೆದು, ಪ್ರತಿದಿನದ ಪ್ರೋಟೀನ್ ಕೂಡಿಸಿ ನೋಡಿ. ನಾನು ಎಂಬತ್ತು ಗ್ರಾಂ ತಿನ್ನುತ್ತಿದ್ದೇನೆಂದು ನಂಬಿದ್ದೆ. ಬರೆದು ಕೂಡಿಸಿದಾಗ ಸಿಕ್ಕಿದ್ದು ನಲವತ್ತೆರಡು. ಒಂದೇ ಹೊತ್ತಿಗೆ ಹೆಚ್ಚು ತಿನ್ನಲಾಗದವರು ಅದನ್ನು ದಿನದ ಐದಾರು ಹೊತ್ತಿಗೆ ಹಂಚಿಕೊಳ್ಳಬೇಕಾಗುತ್ತದೆ, ಮತ್ತು ಆ ಅಭ್ಯಾಸ ಶಸ್ತ್ರಚಿಕಿತ್ಸೆಗೆ ಎರಡು ತಿಂಗಳ ಮುಂಚೆಯೇ ಶುರುವಾಗಿರಬೇಕು.

ಬಿಡಬೇಕಾದದ್ದು, ಹೇಳಬೇಕಾದದ್ದು

ನಿಕೋಟಿನ್ ವಿಷಯದಲ್ಲಿ ರಾಜಿಯಿಲ್ಲ. ಈ ಶಸ್ತ್ರಚಿಕಿತ್ಸೆಗಳಲ್ಲಿ ಚರ್ಮವನ್ನು ಅಡಿಯಿಂದ ಬಿಡಿಸಿ, ಎಳೆದು, ದೂರದ ಅಂಚಿಗೆ ಹೊಲಿಯುತ್ತಾರೆ. ಬಿಡಿಸಿದ ಆ ಚರ್ಮ ಬದುಕಿರುವುದು ಅಳಿದುಳಿದ ಸಣ್ಣ ರಕ್ತನಾಳಗಳ ಆಸರೆಯಿಂದ, ನಿಕೋಟಿನ್ ಅವುಗಳನ್ನೇ ಕುಗ್ಗಿಸುತ್ತದೆ. ಪರಿಣಾಮವಾಗಿ ಹೊಲಿಗೆಯ ಅಂಚು ಕಪ್ಪಾಗಿ ಸಾಯಬಹುದು. ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟು, ನಂತರವೂ ಕನಿಷ್ಠ ನಾಲ್ಕು ವಾರ ದೂರವಿರಬೇಕು. ಸಿಗರೇಟು, ಬೀಡಿ ಮಾತ್ರವಲ್ಲ; ಜಗಿಯುವ ತಂಬಾಕು, ವೇಪ್, ನಿಕೋಟಿನ್ ಚೂಯಿಂಗ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಕೋಟಿನಿನ್ ಎಂಬ ಪರೀಕ್ಷೆಯಿಂದ ಇದು ಪತ್ತೆಯಾಗುತ್ತದೆ, ಆದರೆ ಪರೀಕ್ಷೆಗೆ ಹೆದರಿ ಅಲ್ಲ, ನಿಮ್ಮ ಚರ್ಮದ ಸಲುವಾಗಿ ಸತ್ಯ ಹೇಳಿ.

ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು, ಗಿಡಮೂಲಿಕೆ ಪುಡಿ ಮಾತ್ರೆಗಳನ್ನೂ ಸೇರಿಸಿ, ಬರೆದು ಕೊಡಿ. ರಕ್ತ ತೆಳುವಾಗಿಸುವ ಔಷಧಿಗಳು, ಆಸ್ಪಿರಿನ್, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳ ಬಗ್ಗೆ ವಿಶೇಷ ಚರ್ಚೆ ಬೇಕು. ಯಾವುದನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಮೊದಲಾದ ತೂಕ ಇಳಿಸುವ ಚುಚ್ಚುಮದ್ದುಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿದ್ದು ಅರಿವಳಿಕೆಯ ವೇಳೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಇರುವುದರಿಂದ ಅರಿವಳಿಕೆ ತಜ್ಞರಿಗೆ ಇದು ಮುಂಚಿತವಾಗಿ ಗೊತ್ತಿರಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಹಿಂದೆ ಇದ್ದರೆ ಅದನ್ನೂ ಹೇಳಿ, ಏಕೆಂದರೆ ತೂಕ ಇಳಿದ ಎಲ್ಲರಲ್ಲಿಯೂ ಅದು ಪೂರ್ತಿ ಹೋಗಿರುವುದಿಲ್ಲ. ಗ್ಯಾಸ್ಟ್ರಿಕ್ ಬೈಪಾಸ್ ಆದವರು ನೆನಪಿಡಬೇಕಾದ ಇನ್ನೊಂದು ಮಾತಿದೆ: ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳು ನಿಮ್ಮ ಹೊಟ್ಟೆ ಮತ್ತು ಕರುಳು ಸೇರುವ ಜಾಗದಲ್ಲಿ ಹುಣ್ಣು ಮಾಡಬಹುದು. ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಮಾಮೂಲಿಯಾಗಿ ಬರೆಯುವ ಚೀಟಿಯಲ್ಲಿ ಇವು ಇರುವುದುಂಟು. ನಿಮ್ಮ ಕೇಸ್ ಶೀಟಿನ ಮೊದಲ ಪುಟದಲ್ಲಿಯೇ ಬೈಪಾಸ್ ಎಂದು ದೊಡ್ಡದಾಗಿ ಬರೆಸಿ.

ಯಾವ ಭಾಗ, ಯಾವ ಕ್ರಮ

ಕನ್ನಡಿಯ ಮುಂದೆ ನಿಂತು ಎಲ್ಲವನ್ನೂ ಒಮ್ಮೆಗೇ ಸರಿಪಡಿಸಿಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಅದರ ಬದಲು ಒಂದು ಹಾಳೆಯಲ್ಲಿ ಹೊಟ್ಟೆ, ಸೊಂಟ ಮತ್ತು ಬೆನ್ನಿನ ಕೆಳಭಾಗ, ಪೃಷ್ಠ, ತೊಡೆಯ ಒಳಮೈ, ಎದೆ, ತೋಳು, ಬೆನ್ನಿನ ಮೇಲ್ಭಾಗ, ಮುಖ ಮತ್ತು ಕತ್ತು ಎಂದು ಬರೆದು, ಪ್ರತಿಯೊಂದರ ಎದುರು ಅದು ನಿಮ್ಮ ದಿನವನ್ನು ಹೇಗೆ ತೊಂದರೆಗೊಳಿಸುತ್ತದೆ ಎಂದು ಒಂದು ವಾಕ್ಯ ಬರೆಯಿರಿ. "ನೋಡಲು ಚೆನ್ನಾಗಿಲ್ಲ" ಎನ್ನುವುದಕ್ಕೂ "ನಡೆದರೆ ತೊಡೆ ಉಜ್ಜಿ ಗಾಯವಾಗುತ್ತದೆ" ಎನ್ನುವುದಕ್ಕೂ ಇರುವ ವ್ಯತ್ಯಾಸ ಆ ಹಾಳೆಯಲ್ಲಿ ತಾನೇ ಕಾಣುತ್ತದೆ. ಎರಡೂ ನ್ಯಾಯವಾದ ಕಾರಣಗಳೇ. ಆದರೆ ಕ್ರಮ ನಿರ್ಧರಿಸುವಾಗ ಎರಡನೆಯದು ಮುಂದೆ ಬರಬೇಕು. ಸರ್ಜನ್‌ಗಳೂ ಇಂಥದೇ ಪಟ್ಟಿ ಇಟ್ಟುಕೊಳ್ಳುತ್ತಾರೆ: 2005ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ಮಾಪಕವು ದೇಹವನ್ನು 10 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಜೋಲಿನ ತೀವ್ರತೆಗೆ ತಕ್ಕಂತೆ 0ಯಿಂದ 3ರವರೆಗೆ ಅಂಕ ಕೊಡುತ್ತದೆ.

ಹೊಟ್ಟೆಯ ವಿಷಯದಲ್ಲಿ ಹೆಸರುಗಳ ಗೊಂದಲ ಜಾಸ್ತಿ. ಪ್ಯಾನಿಕ್ಯುಲೆಕ್ಟಮಿ ಎಂದರೆ ಮುಂದೆ ಇಳಿಬಿದ್ದ ಚರ್ಮ ಮತ್ತು ಕೊಬ್ಬಿನ ಮಡಿಕೆಯನ್ನಷ್ಟೇ ಕತ್ತರಿಸಿ ತೆಗೆಯುವುದು; ಅದರಲ್ಲಿ ಸ್ನಾಯು ಬಿಗಿ ಮಾಡುವುದಿಲ್ಲ. ಟಮ್ಮಿ ಟಕ್ ಎಂದು ಕರೆಯುವ ಅಬ್ಡೊಮಿನೋಪ್ಲಾಸ್ಟಿಯಲ್ಲಿ ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ, ದೂರ ಸರಿದಿರುವ ಹೊಟ್ಟೆಯ ಸ್ನಾಯುಗಳನ್ನು ಹೊಲಿದು ಸೇರಿಸಿ, ಹೊಕ್ಕುಳಿಗೆ ಹೊಸ ಜಾಗ ಕೊಡುತ್ತಾರೆ. ಆದರೆ ಬಹಳ ತೂಕ ಇಳಿಸಿಕೊಂಡವರಲ್ಲಿ ಚರ್ಮ ಮೇಲಿಂದ ಕೆಳಕ್ಕೆ ಮಾತ್ರವಲ್ಲ, ಅಡ್ಡಕ್ಕೂ ಹೆಚ್ಚಾಗಿರುತ್ತದೆ. ಹೊಕ್ಕುಳಿನ ಎರಡೂ ಬದಿಯ ಚರ್ಮವನ್ನು ಅಂಗೈಗಳಿಂದ ನಡುವಿಗೆ ಒತ್ತಿ ನೋಡಿ. ನಡುವೆ ದಪ್ಪ ಏಣು ಎದ್ದರೆ ಅಡ್ಡಗೆರೆಯ ಹೊಲಿಗೆಯೊಂದೇ ನಿಮಗೆ ಸಾಲದಿರಬಹುದು, ಎದೆಯ ಕೆಳಗಿನಿಂದ ಇಳಿಯುವ ಉದ್ದಗೆರೆಯೂ ಬೇಕಾಗಬಹುದು. ಆಕಾರ ಚೆನ್ನಾಗಿ ಬರುತ್ತದೆ, ಆದರೆ ಹೊಟ್ಟೆಯ ನಡುವೆ ಗುರುತು ಜೀವನಪೂರ್ತಿ ಇರುತ್ತದೆ. ಸೊಂಟದ ಸುತ್ತಲೂ ಜೋಲಿದ್ದರೆ ಬೆಲ್ಟಿನಂತೆ ಪೂರ್ತಿ ಸುತ್ತು ಕತ್ತರಿಸುವ ಲೋವರ್ ಬಾಡಿ ಲಿಫ್ಟ್ ಮಾಡುತ್ತಾರೆ. ಅದು ಹೊಟ್ಟೆ, ಪೃಷ್ಠ ಮತ್ತು ತೊಡೆಯ ಹೊರಬದಿಯನ್ನು ಒಟ್ಟಿಗೆ ಎತ್ತುತ್ತದೆ. ಹಿಂದಿನ ಶಸ್ತ್ರಚಿಕಿತ್ಸೆಯ ಜಾಗದಲ್ಲಿ ಹರ್ನಿಯಾ ಇದ್ದರೆ ಅದೇ ವೇಳೆಗೆ ಸರಿಪಡಿಸಬಹುದು, ಆದರೆ ಅದು ಮೊದಲೇ ಪತ್ತೆಯಾಗಿರಬೇಕು.

ತೋಳಿನ ಗುರುತು ಕಂಕುಳಿನಿಂದ ಮೊಣಕೈವರೆಗೆ ಒಳಬದಿಯಲ್ಲಿ ಬರುತ್ತದೆ, ಮತ್ತು ದೇಹದ ಗುರುತುಗಳಲ್ಲಿ ಬಟ್ಟೆಯಿಂದ ಮರೆಮಾಡಲು ಹೆಚ್ಚು ಕಷ್ಟವಾದುದು ಅದೇ. ಮುಂಗೈಯ ಒಳಬದಿಗೆ ಸ್ಪರ್ಶಜ್ಞಾನ ಕೊಡುವ ನರ ಆ ಹಾದಿಯಲ್ಲಿಯೇ ಇರುವುದರಿಂದ ಮರಗಟ್ಟುವಿಕೆಯ ಸಂಭವವೂ ಇದೆ. ತೊಡೆಯ ಒಳಮೈಯ ಶಸ್ತ್ರಚಿಕಿತ್ಸೆ ಗುಣವಾಗಲು ತಾಳ್ಮೆ ಬೇಡುತ್ತದೆ: ಬೆವರು, ಉಜ್ಜಾಟ, ಶೌಚಾಲಯದ ಸಾಮೀಪ್ಯ ಇವುಗಳಿಂದ ತೊಡೆಸಂಧಿಯ ಹೊಲಿಗೆ ಬಿಚ್ಚಿಕೊಳ್ಳುವುದು ಅಪರೂಪವಲ್ಲ, ಕಾಲಿನಲ್ಲಿ ಬಾವು ಕೆಲವು ತಿಂಗಳು ಉಳಿಯಬಹುದು. ಎದೆಯ ವಿಷಯದಲ್ಲಿ ಮಹಿಳೆಯರಿಗೆ ಸ್ತನವನ್ನು ಎತ್ತುವುದು, ಬೇಕಿದ್ದರೆ ತುಂಬಿಸುವುದು, ಪುರುಷರಿಗೆ ಹೆಚ್ಚಿನ ಚರ್ಮ ಮತ್ತು ಅಂಗಾಂಶ ತೆಗೆಯುವುದು ಸಾಮಾನ್ಯ ದಾರಿಗಳು.

ಎಲ್ಲವನ್ನೂ ಒಂದೇ ದಿನ ಮಾಡಲಾಗುವುದಿಲ್ಲ, ಮಾಡುತ್ತೇವೆ ಎನ್ನುವವರ ಬಳಿ ಎಚ್ಚರದಿಂದಿರಿ. ಅರಿವಳಿಕೆಯ ಅವಧಿ ಹೆಚ್ಚಿದಷ್ಟೂ ರಕ್ತ ನಷ್ಟ, ದೇಹ ತಣ್ಣಗಾಗುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಹೆಚ್ಚುತ್ತವೆ. ಸಾಮಾನ್ಯವಾಗಿ ಹೊಟ್ಟೆ ಮತ್ತು ಸೊಂಟ ಮೊದಲ ಹಂತ, ಎದೆ ಮತ್ತು ತೋಳು ಇನ್ನೊಂದು ಹಂತ, ತೊಡೆ ಕೊನೆಗೆ. ಹಂತಗಳ ನಡುವೆ ಮೂರರಿಂದ ಆರು ತಿಂಗಳ ಬಿಡುವು. ಹೊಟ್ಟೆ ಮೊದಲು ಎನ್ನುವುದಕ್ಕೆ ಕಾರಣವಿದೆ: ಸೊಂಟವನ್ನು ಮೇಲಕ್ಕೆ ಎಳೆದಾಗ ತೊಡೆಯ ಚರ್ಮವೂ ಸ್ವಲ್ಪ ಮೇಲೇರುತ್ತದೆ, ಆ ಮೇಲೆ ತೊಡೆಯಲ್ಲಿ ಎಷ್ಟು ತೆಗೆಯಬೇಕು ಎಂಬುದು ಸ್ಪಷ್ಟವಾಗುತ್ತದೆ. ತೋಳು ಮತ್ತು ತೊಡೆಯನ್ನು ಒಟ್ಟಿಗೆ ಮಾಡಿಸಿಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೈ ಊರಲಾಗದೆ, ಕಾಲು ಅಗಲಿಸಲಾಗದೆ ಹಾಸಿಗೆಯಿಂದ ಏಳುವುದು ಹೇಗೆ?

ಸರ್ಜನ್ ಜೊತೆಗಿನ ಮಾತು

ಪ್ಲಾಸ್ಟಿಕ್ ಸರ್ಜರಿಯಲ್ಲಿ ಮಾನ್ಯತೆ ಪಡೆದ ಪದವಿ ಇರುವವರನ್ನೇ ಆರಿಸಿ, ಅವರಲ್ಲಿಯೂ ಬಹಳ ತೂಕ ಇಳಿಸಿಕೊಂಡವರ ಶಸ್ತ್ರಚಿಕಿತ್ಸೆ ನಿಯಮಿತವಾಗಿ ಮಾಡುವವರನ್ನು ಹುಡುಕಿ. ಒಂದೆರಡು ಹೆರಿಗೆಯ ನಂತರದ ಹೊಟ್ಟೆಯನ್ನು ಬಿಗಿ ಮಾಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮದೇ ಮೈಕಟ್ಟಿನವರ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಕೇಳಿ; ಎಲ್ಲಕ್ಕಿಂತ ಚೆನ್ನಾಗಿ ಬಂದ ಮೂರು ಚಿತ್ರಗಳಿಗಿಂತ, ಒಂದು ವರ್ಷದ ನಂತರ ತೆಗೆದ, ಗುರುತು ಸ್ಪಷ್ಟವಾಗಿ ಕಾಣುವ ಒಂದು ಚಿತ್ರ ಹೆಚ್ಚು ಉಪಯುಕ್ತ. ರಕ್ತ ಬೇಕಾದರೆ ವ್ಯವಸ್ಥೆ ಏನು, ತೀವ್ರ ನಿಗಾ ಘಟಕ ಇದೆಯೇ, ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಹೊಲಿಗೆ ಬಿಚ್ಚಿಕೊಂಡರೆ ಅಥವಾ ತುದಿಯಲ್ಲಿ ಚರ್ಮ ಉಬ್ಬಿ ನಿಂತರೆ ಮರು ಶಸ್ತ್ರಚಿಕಿತ್ಸೆಯ ಖರ್ಚು ಯಾರದು ಎಂದು ಕೇಳಲು ಸಂಕೋಚ ಬೇಡ. ಉತ್ತರವನ್ನು ಬರೆದುಕೊಳ್ಳಿ.

ಒಂದು ಪ್ರಶ್ನೆಯ ಉತ್ತರವನ್ನು ಮಾತ್ರ ಸರ್ಜನ್ ಬಾಯಿಂದಲೇ ಕೇಳಿಸಿಕೊಳ್ಳಬೇಕು: "ನನ್ನ ದೇಹದಲ್ಲಿ ಯಾವುದು ಸರಿಯಾಗುವುದಿಲ್ಲ?" ಚರ್ಮದ ಹಿಗ್ಗುಗೆರೆಗಳು ತೆಗೆದ ಭಾಗದಲ್ಲಿ ಮಾತ್ರ ಹೋಗುತ್ತವೆ. ಎಡ ಬಲ ಭಾಗಗಳು ಅಚ್ಚು ಹೊಯ್ದಂತೆ ಒಂದೇ ಆಗುವುದಿಲ್ಲ. ಚರ್ಮದ ಗುಣ ಬದಲಾಗುವುದಿಲ್ಲವಾದ್ದರಿಂದ ಒಂದು ವರ್ಷದಲ್ಲಿ ಸ್ವಲ್ಪ ಸಡಿಲಿಕೆ ಮರಳಿ ಬರುತ್ತದೆ. ಇದಕ್ಕೆ ಸ್ಪಷ್ಟ ಉತ್ತರ ಕೊಡುವ ಸರ್ಜನ್ ಮೇಲೆ ನನಗೆ ನಂಬಿಕೆ ಹೆಚ್ಚು. ಖಿನ್ನತೆ, ಊಟದ ಮೇಲೆ ಹಿಡಿತ ತಪ್ಪುವ ತೊಂದರೆ ಇದ್ದರೆ ಮನೋವೈದ್ಯರ ಸಲಹೆಯನ್ನು ಯೋಜನೆಯ ಭಾಗವಾಗಿಯೇ ಇಟ್ಟುಕೊಳ್ಳಿ. ತೂಕ ಇಳಿದ ಎಷ್ಟೋ ಜನರಿಗೆ ಕನ್ನಡಿಯಲ್ಲಿ ಹಳೆಯ ದೇಹವೇ ಕಾಣುತ್ತಿರುತ್ತದೆ, ಮತ್ತು ಅದನ್ನು ಕತ್ತರಿಯಿಂದ ಸರಿಪಡಿಸಲಾಗದು.

ವಿಮೆಯಿಂದ ನೆರವು ಸಿಗಬಹುದೆಂಬ ನಿರೀಕ್ಷೆ ಇದ್ದರೆ ದಾಖಲೆಗಳನ್ನು ಇಂದಿನಿಂದಲೇ ಕೂಡಿಡಿ. ಅಂದಕ್ಕಾಗಿ ಮಾಡುವುದನ್ನು ವಿಮಾ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ; ಮಡಿಕೆಯೊಳಗಿನ ಶಿಲೀಂಧ್ರ ಸೋಂಕು, ಹುಣ್ಣು, ಅದಕ್ಕೆ ತಿಂಗಳುಗಟ್ಟಲೆ ಪಡೆದ ಚಿಕಿತ್ಸೆ, ದಿನಾಂಕ ಸಹಿತ ಚಿತ್ರಗಳು ಇದ್ದರೆ ಹೊಟ್ಟೆಯ ಮಡಿಕೆ ತೆಗೆಯುವುದನ್ನಾದರೂ ಪರಿಗಣಿಸುವ ಸಾಧ್ಯತೆ ಇರುತ್ತದೆ.

ಆಗಬಹುದಾದ ತೊಂದರೆಗಳು

ಚಿಕ್ಕ ತೊಂದರೆಗಳು ಈ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯ, ಮತ್ತು ಅದನ್ನು ಮೊದಲೇ ತಿಳಿದಿರುವವರು ಕಡಿಮೆ ಗಾಬರಿಯಾಗುತ್ತಾರೆ. ಹೊಲಿಗೆಯ ಒಂದೆರಡು ಸೆಂಟಿಮೀಟರ್ ಬಿಚ್ಚಿಕೊಂಡು ಡ್ರೆಸಿಂಗ್‌ನಿಂದಲೇ ಮಾಯುವುದು, ಚರ್ಮದ ಕೆಳಗೆ ತಿಳಿನೀರು ತುಂಬಿ ಸಿರಿಂಜಿನಿಂದ ತೆಗೆಯಬೇಕಾಗುವುದು, ಗುರುತಿನ ಸುತ್ತ ಮರಗಟ್ಟುವುದು ಇವು ಬಹಳ ಜನರಿಗೆ ಆಗುತ್ತವೆ. ರಕ್ತ ಶೇಖರವಾಗುವುದು, ಸೋಂಕು, ಚರ್ಮದ ಅಂಚು ಸಾಯುವುದು ಅಷ್ಟು ಸಾಮಾನ್ಯವಲ್ಲದಿದ್ದರೂ ಗಂಭೀರ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು. ಇದರ ಸಂಭವವನ್ನು ಕ್ಯಾಪ್ರಿನಿ ಅಂಕದಂಥ ಲೆಕ್ಕದಿಂದ ಅಳೆದು, ಬೇಕಾದವರಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ, ಕಾಲಿಗೆ ಒತ್ತುವ ಯಂತ್ರ ಹಾಕುತ್ತಾರೆ, ಅದೇ ಸಂಜೆ ಎಬ್ಬಿಸಿ ನಡೆಸುತ್ತಾರೆ. ಮನೆತನದಲ್ಲಿ ಯಾರಿಗಾದರೂ ಹೀಗಾಗಿದ್ದರೆ ಕೇಳದಿದ್ದರೂ ಹೇಳಿ.

ಮನೆಯನ್ನು ಸಜ್ಜುಗೊಳಿಸುವುದು

ಹೊಟ್ಟೆ ಅಥವಾ ಸೊಂಟದ ಶಸ್ತ್ರಚಿಕಿತ್ಸೆಯ ನಂತರ ಮೊದಲ ಒಂದೆರಡು ವಾರ ಸೊಂಟ ಬಗ್ಗಿಸಿಕೊಂಡೇ ನಡೆಯಬೇಕು, ತಲೆಯ ಕಡೆ ಎತ್ತರಿಸಿ ಮಂಡಿ ಮಡಿಸಿಕೊಂಡೇ ಮಲಗಬೇಕು. ಚಪ್ಪಟೆ ಹಾಸಿಗೆಯಲ್ಲಿ ಇದು ಆಗದು. ಒರಗುವ ಕುರ್ಚಿ ಅಥವಾ ಐದಾರು ದಿಂಬು ಬೇಕು. ಶೌಚಾಲಯದ ಆಸನ ಎತ್ತರದಲ್ಲಿರಬೇಕು, ಪಕ್ಕದಲ್ಲಿ ಹಿಡಿಯಲು ಆಸರೆ ಇರಬೇಕು. ಎಲ್ಲ ದಿನಬಳಕೆಯ ವಸ್ತುಗಳನ್ನೂ ಸೊಂಟ ಮತ್ತು ಭುಜದ ನಡುವಿನ ಎತ್ತರಕ್ಕೆ ತಂದಿಡಿ. ಮೊದಲ ವಾರ ದಿನದ ಇಪ್ಪತ್ತನಾಲ್ಕು ಗಂಟೆಯೂ ಜೊತೆಗೆ ಒಬ್ಬ ವಯಸ್ಕರು ಇರಲೇಬೇಕು, ಮತ್ತು ನಿಮ್ಮನ್ನು ಬೆತ್ತಲಾಗಿ ನೋಡಲು ಇಬ್ಬರಿಗೂ ಮುಜುಗರವಿಲ್ಲದವರೇ ಆಗಿದ್ದರೆ ಒಳ್ಳೆಯದು. ಮಗುವನ್ನು ಎತ್ತಿಕೊಳ್ಳುವುದೂ ಸೇರಿದಂತೆ ನಾಲ್ಕೈದು ಕಿಲೋಗಿಂತ ಹೆಚ್ಚಿನ ಭಾರವನ್ನು ಆರು ವಾರ ಎತ್ತುವಂತಿಲ್ಲ; ಕುಳಿತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರಗಳಲ್ಲಿ ಮರಳಬಹುದು, ಮೈಮುರಿಯುವ ಕೆಲಸಕ್ಕೆ ಆರರಿಂದ ಎಂಟು ವಾರ ಬೇಕು. ರಜೆ ಕೇಳುವಾಗ ಸರ್ಜನ್ ಹೇಳಿದ್ದಕ್ಕೆ ಒಂದು ವಾರ ಸೇರಿಸಿ ಕೇಳಿ.

ಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಷನ್ ಉಡುಪನ್ನು ಸುಮಾರು ಆರು ವಾರ, ಹಗಲೂ ರಾತ್ರಿ ತೊಡಬೇಕಾಗುತ್ತದೆ. ಎರಡು ಜೊತೆ ಇದ್ದರೆ ಒಂದನ್ನು ಒಗೆದು ಒಣಗಿಸಬಹುದು. ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಮಡಿಸಿಕೊಂಡ ಅಂಚು ಚರ್ಮಕ್ಕೆ ಒತ್ತಿ ಗೆರೆ ಬಿದ್ದರೆ ಆ ಜಾಗಕ್ಕೆ ರಕ್ತ ಹೋಗುತ್ತಿಲ್ಲ ಎಂದೇ ಅರ್ಥಮಾಡಿಕೊಂಡು ಸರಿಪಡಿಸಿ.

ಆ ದಿನ ಮತ್ತು ಆಮೇಲೆ

ಶಸ್ತ್ರಚಿಕಿತ್ಸೆಗೆ ಮುನ್ನ ನಿಮ್ಮನ್ನು ನಿಲ್ಲಿಸಿಕೊಂಡು ಮೈಮೇಲೆ ಮಾರ್ಕರ್‌ನಿಂದ ಗೆರೆ ಎಳೆಯುತ್ತಾರೆ. ನಿಂತಾಗಲೇ ಏಕೆಂದರೆ ಮಲಗಿದ ಕೂಡಲೇ ಚರ್ಮ ಪಕ್ಕಕ್ಕೆ ಹರಡಿ ಎಷ್ಟು ಹೆಚ್ಚಿದೆ ಎಂಬ ಅಂದಾಜು ತಪ್ಪುತ್ತದೆ. ನನಗೆ ಅದು ಮುಕ್ಕಾಲು ಗಂಟೆ ಹಿಡಿಯಿತು: ಸರ್ಜನ್ ಒಂದು ಕೈಯಲ್ಲಿ ಚರ್ಮವನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗೆರೆ ಎಳೆದು, ಹಿಂದೆ ಸರಿದು ನೋಡಿ, ಒಂದು ಬದಿಯನ್ನು ಅಳಿಸಿ ಮತ್ತೆ ಎಳೆದರು. ನಿಮ್ಮ ಒಳಉಡುಪಿನ ಅಂಚು ಎಲ್ಲಿ ಬರುತ್ತದೆ ಎಂದು ಆಗಲೇ ತೋರಿಸಿದರೆ ಗುರುತನ್ನು ಸಾಧ್ಯವಾದಷ್ಟು ಅದರೊಳಗೆ ತರಲು ಅವರು ಪ್ರಯತ್ನಿಸುತ್ತಾರೆ. ಅದಾದ ಮೇಲೆ ಬದಲಾವಣೆಗೆ ಅವಕಾಶವಿಲ್ಲ.

ಎಚ್ಚರವಾದಾಗ ಮೈಯಿಂದ ಒಂದೆರಡು ತೆಳು ಕೊಳವೆಗಳು ಹೊರಬಂದು, ತುದಿಯಲ್ಲಿ ಹಿಂಡಿದ ಚೆಂಡಿನಂಥ ಬಲ್ಬುಗಳು ಇರಬಹುದು. ಇವೇ ಡ್ರೇನ್‌ಗಳು. ದಿನಕ್ಕೆ ಎರಡು ಸಲ ಬಲ್ಬಿನ ಬಾಯಿ ತೆರೆದು, ಅಳತೆಯ ಲೋಟಕ್ಕೆ ಸುರಿದು, ಎಷ್ಟು ಮಿಲಿಲೀಟರ್ ಎಂದು ಎಡ ಬಲ ಬೇರೆ ಬೇರೆಯಾಗಿ ಬರೆದು, ಬಲ್ಬನ್ನು ಚಪ್ಪಟೆಯಾಗಿ ಹಿಂಡಿ ಮುಚ್ಚಬೇಕು. ಬಣ್ಣ ಮೊದಲು ಕೆಂಪಾಗಿದ್ದು, ಬರಬರುತ್ತಾ ತಿಳಿಗುಲಾಬಿ, ಆಮೇಲೆ ಹುಲ್ಲಿನ ಹಳದಿ ಆಗುತ್ತದೆ. ಒಂದು ದಿನದಲ್ಲಿ ಬರುವುದು ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ತೆಗೆಯುತ್ತಾರೆ. ಹಳದಿಯಾಗಿದ್ದದ್ದು ಮತ್ತೆ ಗಾಢ ಕೆಂಪಾದರೆ ಅಥವಾ ವಾಸನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ತನೆ ಉಸಿರುಗಟ್ಟುವುದು ಅಥವಾ ಎದೆನೋವು, ಜ್ವರ ಮತ್ತು ನಡುಕ, ಒಂದೇ ಬದಿ ಗಟ್ಟಿಯಾಗಿ ಉಬ್ಬುವುದು, ಹೊಲಿಗೆಯ ಅಂಚು ನೀಲಿ ಕಪ್ಪಾಗುವುದು ಇವೂ ಹಾಗೆಯೇ. ಉಸಿರಾಟದ ತೊಂದರೆಯಾದರೆ ಸರ್ಜನ್ ಫೋನಿಗೆ ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಮೂರನೆಯ ನಾಲ್ಕನೆಯ ದಿನ ಮನಸ್ಸು ಕುಸಿಯುವುದು ಬಹಳ ಜನರಿಗೆ ಆಗುತ್ತದೆ. ಮೈಯೆಲ್ಲ ಊದಿರುತ್ತದೆ, ತೂಕದ ಯಂತ್ರ ಮೊದಲಿಗಿಂತ ಹೆಚ್ಚು ತೋರಿಸುತ್ತದೆ, ಯಾಕಾದರೂ ಮಾಡಿಸಿಕೊಂಡೆನೋ ಎನಿಸುತ್ತದೆ. ಅದು ನೀರಿನ ತೂಕ. ಮೊದಲ ತಿಂಗಳು ತಕ್ಕಡಿ ಏರಬೇಡಿ, ಪ್ರೋಟೀನ್ ಲೆಕ್ಕವನ್ನು ಮಾತ್ರ ಬಿಡಬೇಡಿ. ಬಾವು ಬಹುಮಟ್ಟಿಗೆ ಇಳಿದು ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳಾಗುತ್ತದೆ.

ಗುರುತುಗಳು ಮೊದಲ ಕೆಲವು ತಿಂಗಳು ಇನ್ನಷ್ಟು ಕೆಂಪಾಗಿ, ಗಟ್ಟಿಯಾಗಿ ಕಾಣುತ್ತವೆ. 12ರಿಂದ 18 ತಿಂಗಳಲ್ಲಿ ಮೆತ್ತಗಾಗಿ ಮಾಸುತ್ತವೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿ ಅಥವಾ ಜೆಲ್ ಅನ್ನು ಎರಡು ಮೂರು ತಿಂಗಳು ತಪ್ಪದೆ ಬಳಸಿ, ಬಿಸಿಲು ಬೀಳದಂತೆ ಒಂದು ವರ್ಷ ನೋಡಿಕೊಳ್ಳಿ. ಕಲೆ ಉಬ್ಬಿ ಬೆಳೆಯುವ ಸ್ವಭಾವ ನಿಮ್ಮ ಚರ್ಮಕ್ಕೆ ಇದ್ದರೆ ಮೊದಲ ತಿಂಗಳಲ್ಲಿಯೇ ಹೇಳಿ, ಚುಚ್ಚುಮದ್ದಿನ ಚಿಕಿತ್ಸೆ ಬೇಗ ಶುರುವಾದಷ್ಟೂ ಪ್ರಯೋಜನ ಹೆಚ್ಚು.

ಎರಡನೆಯ ಹಂತಕ್ಕೆ ದಿನ ಗೊತ್ತುಮಾಡುವ ಮುನ್ನ ಮತ್ತೆ ಮೊದಲಿನಿಂದ ಶುರುಮಾಡಬೇಕು: ತೂಕದ ಪುಸ್ತಕ, ರಕ್ತಪರೀಕ್ಷೆ, ಔಷಧಿಯ ಪಟ್ಟಿ, ರಜೆ. ಮೊದಲ ಹಂತದಲ್ಲಿ ಹೋದ ರಕ್ತ ಮತ್ತು ಕಬ್ಬಿಣಾಂಶ ಮರಳಿ ಬಂದಿದೆಯೇ ಎಂದು ನೋಡದೆ ಮುಂದುವರಿಯಬೇಡಿ. ನನ್ನ ಎರಡನೆಯ ಹಂತದ ವೇಳೆಗೆ ಫೆರಿಟಿನ್ ವರದಿಯನ್ನು ನಾನೇ ಮುಂಚಿತವಾಗಿ ಮಾಡಿಸಿ, ಸರ್ಜನ್ ಮೇಜಿನ ಮೇಲಿಟ್ಟು, ಆಮೇಲೆ ದಿನಾಂಕ ಕೇಳಿದೆ.